ಹಂಬಲ ಎಂಬ ಹಳೆಯ ಮಾತು

ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಬೆಳ್ಳೂರು ಕ್ರಾಸ್ ಎಂದರೆ ಬಸ್ಸು ಬದಲಿಸುವ ಜಾಗ. ಹಾಸನದ ಕಡೆಯಿಂದ ಬಂದವರು ಇಲ್ಲಿ ಇಳಿದು ನಾಗಮಂಗಲ, ಪಾಂಡವಪುರ, ಮೈಸೂರಿನ ಬಸ್ಸಿಗೆ ಕಾಯುತ್ತಾರೆ. ಕಾಯುವವರಲ್ಲಿ ಒಬ್ಬರಾದರೂ ಮೊಣಕಾಲಿನ ಮೇಲೆ ಕೈಯಿಟ್ಟು, ಎದುರಿನ ರಸ್ತೆಯನ್ನು ನೋಡುತ್ತ, ಆದರೆ ಅದನ್ನು ಕಾಣದೆ ಕುಳಿತಿರುವುದುಂಟು. ದುಃಖವೆನ್ನಲು ಕಣ್ಣಲ್ಲಿ ನೀರಿಲ್ಲ. ಚಿಂತೆಯೆನ್ನಲು ಹಣೆಯಲ್ಲಿ ಗೆರೆಯಿಲ್ಲ. 'ಏನ್ ಯೋಚ್ನೆ ಮಾಡ್ತಾ ಕುಂತ್ಬುಟ್ಟೆ?' ಎಂದು ಜತೆಯವರು ಕೇಳಿದರೆ 'ಏನಿಲ್ಲ, ಸುಮ್ನೆ' ಎಂಬುದೇ ಉತ್ತರ. ಈ 'ಸುಮ್ನೆ'ಗೆ ಕನ್ನಡದಲ್ಲಿ ಒಂದು ಹೆಸರು ಬೇಕಲ್ಲವೆ?

ಇಂಗ್ಲಿಷಿನವರಿಗೆ 'ಪೆನ್ಸಿವ್' ಎಂಬ ಪದವಿದೆ. ಸ್ವಲ್ಪ ವಿಷಾದ ಬೆರೆತ ಯೋಚನೆ, ಎಲ್ಲೋ ಕಳೆದುಹೋದ ಮನಸ್ಸು, ಇವೆರಡನ್ನೂ ಅದು ಒಟ್ಟಿಗೆ ಹೇಳುತ್ತದೆ. ಇದರ ಮೂಲ ಲ್ಯಾಟಿನ್ನಿನ 'ಪೆನ್ಸಾರೆ'. ಅದರ ಅರ್ಥ ತೂಗುವುದು. ಫ್ರೆಂಚಿನಲ್ಲಿ ಅದೇ ಧಾತು 'ಯೋಚಿಸು' ಎಂಬ ಅರ್ಥ ಪಡೆಯಿತು. ಅಲ್ಲಿಂದ 14ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. ಪಿಂಚಣಿಗೆ ನಾವು ಹೇಳುವ ಪೆನ್ಷನ್ ಕೂಡ ಇದೇ ಮನೆತನದ್ದು, ಏಕೆಂದರೆ ಹಿಂದೆ ಹಣವನ್ನು ತೂಗಿಯೇ ಕೊಡುತ್ತಿದ್ದರು. ಚಳಿಗಾಲದ ತೋಟಗಳಲ್ಲಿ ತಲೆ ತಗ್ಗಿಸಿ ನಿಲ್ಲುವ ಪ್ಯಾನ್ಸಿ ಹೂವಿನ ಹೆಸರೂ 'ಯೋಚನೆ' ಎಂಬ ಫ್ರೆಂಚ್ ಪದದಿಂದಲೇ ಬಂದದ್ದು. 'ಮನಸ್ಸು ಭಾರವಾಗಿದೆ' ಎಂದೂ 'ತೂಗಿ ನೋಡಿ ಹೇಳು' ಎಂದೂ ಆಡುವ ಕನ್ನಡಿಗನಿಗೆ ಈ ತಕ್ಕಡಿಯ ಲೆಕ್ಕ ಅಪರಿಚಿತವೇನಲ್ಲ.

ಪೆನ್ಸಿವ್ ಎಂಬುದಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ ಕೊಡುವ ಅರ್ಥಗಳು ಚಿಂತಾಮಗ್ನ, ಚಿಂತಾಕ್ರಾಂತ, ವಿಷಣ್ಣ. ಮೂರೂ ಸಂಸ್ಕೃತ. ಮೂರನ್ನೂ ಬೆಳ್ಳೂರು ಕ್ರಾಸಿನಲ್ಲಿ ಕುಳಿತವರಿಗೆ ಹಚ್ಚಿದರೆ ನಾಟಕದ ಕಿರೀಟ ತೊಡಿಸಿದಂತಾಗುತ್ತದೆ. ಹಾಗೆಂದು ಆ ಪದಗಳು ಕೆಟ್ಟವೆಂದಲ್ಲ. ಅವುಗಳ ಒಳಗೂ ಸ್ವಾರಸ್ಯದ ಕಥೆಗಳಿವೆ.

ವಿಷಾದವನ್ನೇ ನೋಡಿ. 'ಸದ್' ಎಂಬ ಧಾತುವಿಗೆ ಕೂರು, ಕುಸಿ ಎಂಬ ಅರ್ಥಗಳಿವೆ. ವಿಷಾದವೆಂದರೆ ಕುಸಿದು ಕೂರುವುದು. ಭಗವದ್ಗೀತೆಯ ಮೊದಲ ಅಧ್ಯಾಯಕ್ಕೆ ಅರ್ಜುನ ವಿಷಾದ ಯೋಗವೆಂದು ಹೆಸರು. ಅದರ ಕೊನೆಗೆ ಅರ್ಜುನ ಬಿಲ್ಲು ಬಿಟ್ಟು ರಥದಲ್ಲಿ ಕುಳಿತೇಬಿಡುತ್ತಾನೆ. ಪದದ ಅರ್ಥವನ್ನು ಅವನು ಅಕ್ಷರಶಃ ಪಾಲಿಸಿದ ಎನ್ನಲಡ್ಡಿಯಿಲ್ಲ. ಉತ್ಕಂಠೆಯದು ಇದಕ್ಕೆ ವಿರುದ್ಧ ಭಂಗಿ. ಅಲ್ಲಿ ಕತ್ತು ಮೇಲಕ್ಕೆತ್ತಿ ಯಾರನ್ನೋ ಎದುರುನೋಡುವ ಚಿತ್ರವಿದೆ.

ಇನ್ನು ಚಿಂತೆ. ಸಂಸ್ಕೃತದಲ್ಲಿ ಇದಕ್ಕೆ ಮೊದಲ ಅರ್ಥ ಬರೀ ಯೋಚನೆ. ನೆನೆದದ್ದನ್ನೆಲ್ಲ ಕೊಡುವ ರತ್ನಕ್ಕೆ ಚಿಂತಾಮಣಿ ಎಂದು ಹೆಸರಿಟ್ಟದ್ದು ಆ ಅರ್ಥದಿಂದಲೇ. ಇಂದಿನ ಅರ್ಥದಲ್ಲಿ ಓದಿದರೆ ಅದು ಕೊರಳಿಗೆ ಕಟ್ಟಿಕೊಂಡ ತಾಪತ್ರಯದ ಹರಳಾದೀತು! ಕನ್ನಡದ ಬಾಯಲ್ಲಿ ಚಿಂತೆ ಬರಬರುತ್ತ ಸಾಲ, ಮದುವೆ, ಮಳೆಗಳ ಪಾಲಾಯಿತು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಹುಟ್ಟುವ ಹೊತ್ತಿಗೆ ಅದರ ಹಳೆಯ ಅರ್ಥ ಪೂರ್ತಿ ಮರೆತುಹೋಗಿತ್ತು. ಆಮೇಲೆ ವಿದ್ಯಾವಂತರಿಗೆ ಯೋಚನೆಗೊಂದು ಗಂಭೀರ ಪದ ಬೇಕಾದಾಗ ಅದೇ ಬೇರಿನ 'ಚಿಂತನೆ'ಯನ್ನು ತಂದುಕೊಳ್ಳಬೇಕಾಯಿತು. ಈಗ ಚಿಂತಕರು ವೇದಿಕೆಯ ಮೇಲಿರುತ್ತಾರೆ, ಚಿಂತೆಯವರು ಕೆಳಗೆ.

ಆಡುಮಾತಿನ ಬೇಸರ, ಬೇಜಾರುಗಳನ್ನು ಅಣ್ಣತಮ್ಮಂದಿರೆಂದು ಭಾವಿಸುವವರೇ ಹೆಚ್ಚು. ವಾಸ್ತವವಾಗಿ ಅವು ನೆಂಟರೂ ಅಲ್ಲ. ಬೇಸರ ಹಳಗನ್ನಡದ 'ಬೇಸಱ್' ಎಂಬ ಕ್ರಿಯಾಪದದಿಂದ ಬಂದದ್ದು. 'ಬೇಸತ್ತು' ಎಂಬ ರೂಪದಲ್ಲಿ ಆ ಕ್ರಿಯೆ ಇಂದಿಗೂ ಉಳಿದಿದೆ. ಬೇಜಾರು ಪಾರಸಿಯ 'ಬೇಜಾರ್'ನಿಂದ, ಹಿಂದುಸ್ತಾನಿಯ ಮೂಲಕ ಬಂದ ಅತಿಥಿ. ಎರಡರ ಉಚ್ಚಾರವೂ ಅರ್ಥವೂ ಇಷ್ಟು ಹತ್ತಿರವಾದದ್ದು ಕೇವಲ ಆಕಸ್ಮಿಕ. ಆದರೆ ಬೇಸರವೂ ಬೇಜಾರೂ ಸಾಕಾಗಿದೆ ಎನ್ನುತ್ತವೆ. ಮೊದಲು ಹೇಳಿದ 'ಸುಮ್ನೆ'ಯಲ್ಲಿ ಸಾಕೆಂಬ ಭಾವವಿಲ್ಲ. ಇನ್ನಷ್ಟು ಬೇಕೆಂಬ ಭಾವವಿದೆ.

ಆ ಭಾವಕ್ಕೆ ಕನ್ನಡದ ಸ್ವಂತ ಪದ ಬಹಳ ಹಿಂದೆಯೇ ಇತ್ತು. ಅದು ಹಂಬಲ.

ಪಂಬಲ್, ಪಂಬಲಿಸು

ಹಳಗನ್ನಡದಲ್ಲಿ ಇದರ ರೂಪ ಪಂಬಲ್. ಕ್ರಿಯಾಪದ ಪಂಬಲಿಸು. ಪಾಲು ಹಾಲಾದ, ಪೂ ಹೂವಾದ, ಪುಲಿ ಹುಲಿಯಾದ ದಾರಿಯಲ್ಲೇ ಪಂಬಲ್ ಕೂಡ ನಡೆದು ಹಂಬಲವಾಯಿತು. ಪದಾದಿಯ ಪಕಾರ ಹಕಾರವಾಗುವ ಈ ಬದಲಾವಣೆ ಸುಮಾರು 10ನೇ ಶತಮಾನದಿಂದ ಕಾಣಿಸಿಕೊಂಡು ನಡುಗನ್ನಡದ ಕಾಲಕ್ಕೆ ನೆಲೆಯೂರಿತು. ತಮಿಳು ಇಂದಿಗೂ ಪಾಲ್, ಪೂ, ಪುಲಿ ಎಂದೇ ಹೇಳುತ್ತದೆ. ಹೀಗಾಗಿ ಹಕಾರದಿಂದ ಆರಂಭವಾಗುವ ಹಂಬಲದ ವಯಸ್ಸನ್ನು ಅಂದಾಜು ಮಾಡಲು ಅದರ ಹಿಂದಿನ ಪಕಾರವನ್ನು ನೋಡಬೇಕು. ಅಳುತ್ತ ಗೋಳಾಡುವುದಕ್ಕೆ ಹೇಳುವ ಹಲುಬು ಕೂಡ ಹಿಂದೆ ಪಲುಂಬು ಆಗಿತ್ತು.

ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂತು. ಅದರಲ್ಲಿ ಹಂಬಲಕ್ಕೆ ಕೊಟ್ಟ ಅರ್ಥಗಳು ಒಂದೆರಡಲ್ಲ: ನೆನೆಯುವುದು, ಕಳವಳದ ಯೋಚನೆ, ಆಸೆ, ಶೋಕ. ಇಂದಿನ ಓದುಗನಿಗೆ ಇದು ಗೊಂದಲವೆನಿಸಬಹುದು. ನೆನಪು ಹಿಂದಿನದು, ಆಸೆ ಮುಂದಿನದು, ಶೋಕ ಈಗಿನದು. ಇವು ಒಂದೇ ಪದದಲ್ಲಿ ಸೇರಿದ್ದು ಹೇಗೆ? ತಾಯಿ ಊರಿಗೆ ಹೋದಾಗ ಮಗು ಊಟ ಬಿಟ್ಟರೆ 'ಅಮ್ಮನನ್ನು ಹಂಬಲಿಸಿ ಜ್ವರ ತಂದುಕೊಂಡಿತು' ಎನ್ನುತ್ತಾರಲ್ಲ, ಅದನ್ನು ಗಮನಿಸಿದರೆ ಗೊಂದಲ ಕರಗುತ್ತದೆ. ಮಗು ತಾಯಿಯನ್ನು ನೆನೆಯುತ್ತಿದೆ, ಬೇಕೆನ್ನುತ್ತಿದೆ, ಅಳುತ್ತಿದೆ. ಮೂರು ಕೆಲಸವಲ್ಲ, ಒಂದೇ.

ನೆನೆ ಎಂಬ ಪದದಲ್ಲೂ ಒಂದು ತಮಾಷೆಯಿದೆ. ಕನ್ನಡದಲ್ಲಿ ಊರನ್ನು ನೆನೆಯುತ್ತೇವೆ, ಮಳೆಯಲ್ಲೂ ನೆನೆಯುತ್ತೇವೆ, ರಾತ್ರಿ ಕಾಳನ್ನೂ ನೆನೆಸಿಡುತ್ತೇವೆ. ನೆನಪಿನಲ್ಲಿ ಮನಸ್ಸು ತೊಯ್ಯುವುದರಿಂದ ಹೀಗಾಯಿತೆಂದು ಕಾವ್ಯಮಯವಾಗಿ ವಿವರಿಸುವವರಿದ್ದಾರೆ. ಭಾಷಾ ಚರಿತ್ರೆ ಅದಕ್ಕೆ ಒಪ್ಪುವುದಿಲ್ಲ. ತಮಿಳಿನಲ್ಲಿ ಯೋಚಿಸುವುದು 'ನಿನೈ', ಒದ್ದೆಯಾಗುವುದು 'ನನೈ'. ಕನ್ನಡದಲ್ಲೂ ಇವು ಮೊದಲು ನೆನೆ ಮತ್ತು ನನೆ ಎಂದು ಬೇರೆಬೇರೆಯಾಗಿದ್ದವು. ಮುಂದೆ ಎರಡನೆಯದರ ಸ್ವರ ಬದಲಾಗಿ ಮೊದಲನೆಯದರ ಜತೆ ಸೇರಿಹೋಯಿತು. ಹುಟ್ಟಿನಿಂದ ಬೇರೆಯಾದರೂ ಈಗ ಒಂದೇ ಮನೆಯಲ್ಲಿರುವ ಇವನ್ನು ಕನ್ನಡದ ಕಿವಿ ಬಿಡಿಸಲಾರದು. ಮಂಡ್ಯದ ಹಳ್ಳಿಗಳಲ್ಲಂತೂ ನೆನಪು 'ನೆಪ್ಪು' ಆಗಿದೆ. 'ನೆಪ್ಪಾಯ್ತದೆ' ಎಂದರೆ ಅದರಲ್ಲಿ ಅರ್ಧ ಹಂಬಲವೂ ಇರುತ್ತದೆ.

ಕನ್ನಡದ ಅತ್ಯಂತ ಪ್ರಸಿದ್ಧ ಹಂಬಲ ಪಂಪನದು. 941ರ ಹೊತ್ತಿನ 'ವಿಕ್ರಮಾರ್ಜುನ ವಿಜಯ'ವನ್ನು ಅವನು ಬರೆದದ್ದು ಇಂದಿನ ತೆಲಂಗಾಣದಲ್ಲಿರುವ ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿ. ಕಾವ್ಯದೊಳಗೆ ಅರ್ಜುನ ಬನವಾಸಿಗೆ ಬರುವ ಸಂದರ್ಭದಲ್ಲಿ ಕವಿಯ ಮನಸ್ಸು ಕೈತಪ್ಪುತ್ತದೆ. ದಕ್ಷಿಣದ ಗಾಳಿ, ಇಂಪಾದ ಹಾಡು, ಅರಳಿದ ಮಲ್ಲಿಗೆ, ಹೀಗೆ ಯಾವುದೇ ಒಂದು ನೆಪ ಸಾಕು, ಯಾರು ತಡೆದರೂ ಆ ಸೀಮೆಯ ನೆನಪಾಗುತ್ತದೆ ಎಂಬುದು ಅಲ್ಲಿನ ಭಾವ. ಶಾಲೆಯಲ್ಲಿ ಇದನ್ನು ನಾಡಪ್ರೇಮದ ಪದ್ಯವೆಂದು ಕಲಿಸುತ್ತಾರೆ. ಅದು ಸರಿಯೇ. ಆದರೆ ಅದಕ್ಕೂ ಮೊದಲು ಅದು ದೂರದ ಆಸ್ಥಾನದಲ್ಲಿ ಕುಳಿತವನ ಹಂಬಲದ ಪದ್ಯ.

ಇದಕ್ಕೂ ಹಿಂದೆ ಕಾಳಿದಾಸನಲ್ಲಿ ಇಂಥದೇ ಗಳಿಗೆಯೊಂದು ಬರುತ್ತದೆ. 'ಶಾಕುಂತಲ'ದ ಐದನೇ ಅಂಕದಲ್ಲಿ ದುಷ್ಯಂತ ಅಂತಃಪುರದಿಂದ ತೇಲಿಬಂದ ಹಾಡೊಂದನ್ನು ಕೇಳುತ್ತಾನೆ. ಅವನಿಗೆ ಆಗ ಯಾವ ಕೊರತೆಯೂ ಇಲ್ಲ, ಶಾಪದಿಂದಾಗಿ ಶಕುಂತಲೆಯ ನೆನಪೂ ಇಲ್ಲ. ಆದರೂ ಮನಸ್ಸು ತಳಮಳಿಸುತ್ತದೆ. ಚೆಲುವಾದದ್ದನ್ನು ಕಂಡಾಗ, ಇಂಪಾದದ್ದನ್ನು ಕೇಳಿದಾಗ ಸುಖವಾಗಿರುವವನೂ ಹೀಗಾಗುವುದು ಹಿಂದಿನ ಜನ್ಮದ ಸ್ನೇಹ ಒಳಗೆ ಉಳಿದಿರುವುದರಿಂದಲೇ ಇರಬೇಕು ಎಂದು ಅವನೇ ಕಾರಣ ಹುಡುಕುತ್ತಾನೆ. ಕಾಳಿದಾಸ ಬಳಸುವ ಪದ 'ಪರ್ಯುತ್ಸುಕ'. ಇಂಗ್ಲಿಷಿನ ಪೆನ್ಸಿವ್‌ಗಿಂತ ಇದು ಒಂದು ಕೈ ಮೇಲು. ಆದರೆ ಕನ್ನಡಕ್ಕೆ ಬಂದು ನೆಲೆಸಲಿಲ್ಲ. ಮೈಸೂರಿನ ಬಸಪ್ಪ ಶಾಸ್ತ್ರಿಗಳು 19ನೇ ಶತಮಾನದಲ್ಲಿ ಶಾಕುಂತಲವನ್ನು ಕನ್ನಡಿಸಿ 'ಅಭಿನವ ಕಾಳಿದಾಸ'ರೆನಿಸಿಕೊಂಡರು. ನಾಟಕ ಮನೆಮಾತಾಯಿತು, ಪದ ಆಗಲಿಲ್ಲ.

ನಾಲ್ಕು ತಾಲ್ಲೂಕುಗಳ ಕವಿಗಳು

ಹಂಬಲಕ್ಕೆ ಹೊಸಗನ್ನಡದಲ್ಲಿ ಹೊಸ ದನಿ ಕೊಟ್ಟವರಲ್ಲಿ ಮೊದಲಿಗರು ಬೆಳ್ಳೂರಿನವರೇ. ಬಿ.ಎಂ.ಶ್ರೀ. ಎಂದರೆ ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ. ಹೊಯ್ಸಳ ಮೂರನೇ ನರಸಿಂಹನ ಕಾಲದಲ್ಲಿ ಉದ್ಭವ ನರಸಿಂಹಪುರವೆಂಬ ಅಗ್ರಹಾರವಾಗಿದ್ದ, ಮಾಧವರಾಯನ ಗುಡಿಯಿರುವ ಊರದು. ಶ್ರೀಕಂಠಯ್ಯನವರು ಹುಟ್ಟಿದ್ದು 1884ರ ಜನವರಿ 3ರಂದು, ತಾಯಿಯ ತವರಾದ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ತಂದೆ ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದುದರಿಂದ ಬಾಲ್ಯ ಕಳೆದದ್ದು ಕಾವೇರಿಯ ದಡದಲ್ಲಿ. ಮುಂದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು.

ಇಂಗ್ಲಿಷ್ ಪಾಠ ಹೇಳುವವರಿಗೆ ಕಾಡಿದ್ದು ಕನ್ನಡದ ಬಡತನ. ಹಳೆಯ ಕಾವ್ಯದಲ್ಲಿ ರಾಜರ ದುಃಖವಿತ್ತು, ದಾಸರಲ್ಲಿ ಭಕ್ತನ ಆರ್ತತೆಯಿತ್ತು, ಹಳ್ಳಿಯ ಹೆಣ್ಣುಮಕ್ಕಳ ಹಾಡಿನಲ್ಲಿ ತವರಿನ ನೆನಪಿತ್ತು. ಆದರೆ ಸಾಮಾನ್ಯ ಮನುಷ್ಯನೊಬ್ಬ ಸಂಜೆ ಹೊತ್ತು ತನ್ನಷ್ಟಕ್ಕೆ ಅಂದುಕೊಂಡದ್ದನ್ನು ಬರೆಯುವ ಪುಟ್ಟ ಕವಿತೆ ಬರಹದ ಕನ್ನಡದಲ್ಲಿ ವಿರಳ. ಪಾಲ್‌ಗ್ರೇವ್ 1861ರಲ್ಲಿ ಸಂಪಾದಿಸಿದ 'ಗೋಲ್ಡನ್ ಟ್ರೆಷರಿ' ಅಂಥ ಕವಿತೆಗಳ ಕಣಜ. ಪೆನ್ಸಿವ್ ಭಾವಕ್ಕೇ ಮೀಸಲಾದ ಮಿಲ್ಟನ್ನನ 'ಇಲ್ ಪೆನ್ಸೆರೋಸೊ' ಕೂಡ ಅದರಲ್ಲಿದೆ. ಬಿ.ಎಂ.ಶ್ರೀ. ಅನುವಾದಕ್ಕೆ ಆರಿಸಿಕೊಂಡ ಹೆಚ್ಚಿನ ಕವಿತೆಗಳು ಈ ಸಂಕಲನದವು. 'ಇಂಗ್ಲಿಷ್ ಗೀತಗಳು' 1921ರಲ್ಲಿ ಮೊದಲು ಬಂದು 1926ರಲ್ಲಿ ವಿಸ್ತಾರಗೊಂಡಿತು. ಥಾಮಸ್ ಹುಡ್‌ನ ಕವಿತೆ 'ದುಃಖಸೇತು'ವಾಯಿತು, ನ್ಯೂಮನ್ನನ ಪ್ರಾರ್ಥನೆ 'ಕರುಣಾಳು ಬಾ ಬೆಳಕೆ' ಆಗಿ ಕನ್ನಡದ್ದೇ ಎನ್ನುವಂತಾಯಿತು, ಬರ್ನ್ಸ್ ಕವಿಯ ಜೋಡಿ ಮಾದ–ಮಾದಿ ಎಂಬ ನಾಟಿ ಹೆಸರು ಪಡೆಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಟ್ರ್ಯಾಜಿಡಿಗೆ 'ರುದ್ರನಾಟಕ' ಎಂಬ ಪದವನ್ನು ಚಲಾವಣೆಗೆ ತಂದು, 'ಅಶ್ವತ್ಥಾಮನ್', 'ಪಾರಸಿಕರು' ಮುಂತಾದವನ್ನು ಬರೆದವರೂ ಬಿ.ಎಂ.ಶ್ರೀಯವರೇ. ದೊಡ್ಡ ದುಃಖಕ್ಕೆ ದೊಡ್ಡ ಹೆಸರು ಬೇಕಾಯಿತು. ಸಣ್ಣ, ಮೆತ್ತಗಿನ, ದಿನನಿತ್ಯದ ವಿಷಾದಕ್ಕೆ ಹೊಸ ಪದವನ್ನೇನೂ ಟಂಕಿಸದೆ, ಆಡುವ ಕನ್ನಡದ ಲಯವನ್ನೇ ಸ್ವಲ್ಪ ತಗ್ಗಿಸಿ ಕೆಲಸ ಸಾಧಿಸಿದರು. ಅವರ ಸಾಧನೆಯಲ್ಲಿ ಹೆಚ್ಚಿನದು ಯಾವುದೆಂದು ಕೇಳಿದರೆ ಈ ಎರಡನೆಯದನ್ನೇ ಹೇಳಬೇಕು. ಹೊಸ ಪದಗಳನ್ನು ಸಮಿತಿಗಳೂ ಮಾಡಬಲ್ಲವು.

ಆ ದನಿಯನ್ನು ಮುಂದುವರಿಸಿದವರಲ್ಲಿ ಹಲವರು ಅಕ್ಕಪಕ್ಕದ ತಾಲ್ಲೂಕಿನವರೇ ಎಂಬುದು ಸೋಜಿಗ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಿಂದ ಪು.ತಿ.ನರಸಿಂಹಾಚಾರ್ (1905–1998) ಬಂದರು. ಅವರ ಗೀತನಾಟಕ 'ಗೋಕುಲ ನಿರ್ಗಮನ'ದ ವಸ್ತುವೇ ಕೃಷ್ಣ ಊರು ಬಿಡುವುದು; ಕಂಸವಧೆಯ ಸಡಗರಕ್ಕಿಂತ ಹಿಂದೆ ಉಳಿದವರ ಮೌನ ಅವರಿಗೆ ಮುಖ್ಯವಾಯಿತು. ಕೆ.ಆರ್.ಪೇಟೆ ತಾಲ್ಲೂಕಿನ ಕಿಕ್ಕೇರಿಯವರು ಕೆ.ಎಸ್.ನರಸಿಂಹಸ್ವಾಮಿ (1915–2003). 1942ರ 'ಮೈಸೂರ ಮಲ್ಲಿಗೆ'ಯನ್ನು ಪ್ರೇಮಕವಿತೆಗಳೆಂದು ಕರೆಯುವುದು ರೂಢಿ. ಆದರೆ ಆ ಪ್ರೇಮದಲ್ಲಿ ಅರ್ಧದಷ್ಟು ಕಾಯುವಿಕೆ: ತವರಿಗೆ ಹೋದ ಹೆಂಡತಿ, ದಾರಿ ನೋಡುವ ಗಂಡ, ನಡುವೆ ಒಂದು ಊರಿನ ಹಾದಿ. ಅದೇ ತಾಲ್ಲೂಕಿನಲ್ಲಿ ಹೇಮಾವತಿಯ ದಡದಲ್ಲಿರುವ ಅಕ್ಕಿಹೆಬ್ಬಾಳಿನ ಎ.ಎನ್.ಮೂರ್ತಿರಾವ್ (1900–2003) ಗದ್ಯದಲ್ಲಿ ಇದನ್ನು ಮಾಡಿದರು. 1937ರಲ್ಲಿ ಬಂದ ಅವರ ಲಲಿತ ಪ್ರಬಂಧಗಳ ಸಂಕಲನದ ಹೆಸರೇ 'ಹಗಲುಗನಸುಗಳು'. ಬೆಳ್ಳೂರು ಕ್ರಾಸಿನ 'ಸುಮ್ನೆ'ಗೆ ಇದಕ್ಕಿಂತ ಸಮೀಪದ ಶೀರ್ಷಿಕೆ ಸಿಗದು.

ಇನ್ನು ಪದಗಳ ಲೆಕ್ಕ ಇಟ್ಟವರೂ ಇದೇ ಸೀಮೆಯವರು. ಶ್ರೀರಂಗಪಟ್ಟಣದ ಗಂಜಾಂ ಹೆಸರನ್ನು ಹೊತ್ತ ಜಿ.ವೆಂಕಟಸುಬ್ಬಯ್ಯ (1913–2021) ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದರು. 1991ರಲ್ಲಿ ಆರಂಭವಾದ ಅವರ 'ಇಗೋ ಕನ್ನಡ' ಅಂಕಣಕ್ಕೆ ಓದುಗರು ಪದಗಳ ಮೂಲ ಕೇಳಿ ಪತ್ರ ಬರೆಯುತ್ತಿದ್ದರು.

ನೀರಿನಡಿಯ ಊರು

ಈ ಸೀಮೆಯಲ್ಲಿ ಹಂಬಲಕ್ಕೆ ಪುಸ್ತಕದ ಹೊರಗೂ ಕಾರಣವಿತ್ತು. ಕನ್ನಂಬಾಡಿಯಲ್ಲಿ ಕಾವೇರಿಗೆ ಅಡ್ಡವಾಗಿ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ ಮುಗಿಯಲು ಎರಡು ದಶಕ ಹಿಡಿಯಿತು. ಅದರ ನೀರಿನಿಂದ ಮಂಡ್ಯ ಹಸಿರಾಯಿತು. ಕಬ್ಬು, ಭತ್ತ, ಸಕ್ಕರೆ ಕಾರ್ಖಾನೆ ಬಂದವು. ಅದೇ ನೀರಿನಲ್ಲಿ ಹಳೆಯ ಕನ್ನಂಬಾಡಿಯೂ ಸುತ್ತಣ ಹಳ್ಳಿಗಳೂ ಮುಳುಗಿದವು. ಒಕ್ಕಲೆದ್ದವರು ಎತ್ತರದಲ್ಲಿ ಹೊಸ ಊರು ಕಟ್ಟಿಕೊಂಡು ಹಳೆಯ ಹೆಸರನ್ನೇ ಇಟ್ಟುಕೊಂಡರು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿ ದಶಕಗಳ ಕಾಲ ನೀರಿನಡಿಯಲ್ಲಿತ್ತು. ಬರ ಬಿದ್ದು ಜಲಾಶಯ ಇಳಿದಾಗ ಗೋಪುರ, ಕಂಬಗಳು ಮೇಲೆದ್ದು ಕಾಣುತ್ತಿದ್ದವು; ಜನ ನೋಡಲು ಗುಂಪುಗೂಡುತ್ತಿದ್ದರು. ಮಳೆ ಬಂದರೆ ಬೆಳೆಗೆ ಒಳ್ಳೆಯದು, ಬಾರದಿದ್ದರೆ ಊರು ಕಾಣುತ್ತದೆ. ಇಂಥ ಇಕ್ಕಟ್ಟಿನ ನೆನಪು ಬೇರೆ ಜಿಲ್ಲೆಗಳಿಗೆ ಸುಲಭವಾಗಿ ಅರ್ಥವಾಗದು. ಕೊನೆಗೆ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಗುಡಿಯನ್ನು ಮತ್ತೆ ಕಟ್ಟಲಾಯಿತು.

ಊರಿನ ಹಂಬಲವನ್ನು ಯೂರೋಪು ಒಂದು ಕಾಲಕ್ಕೆ ರೋಗವೆಂದೇ ಬಗೆದಿತ್ತು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಪ್ರಬಂಧ ಬರೆದು, ಮನೆಯಿಂದ ದೂರವಾದವರಿಗೆ ತಗಲುವ ಕಾಯಿಲೆಗೆ 'ನಾಸ್ಟಾಲ್ಜಿಯಾ' ಎಂದು ಹೆಸರಿಟ್ಟ. ಗ್ರೀಕಿನಲ್ಲಿ ನೋಸ್ಟೊಸ್ ಎಂದರೆ ಮನೆಗೆ ಮರಳುವುದು, ಆಲ್ಗೊಸ್ ಎಂದರೆ ನೋವು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲೂ ಸೈನ್ಯದ ವೈದ್ಯರು ಇದನ್ನು ರೋಗಗಳ ಪಟ್ಟಿಯಲ್ಲಿ ಬರೆಯುತ್ತಿದ್ದರು. ಮೆಲಂಕಲಿಯ ಕಥೆಯೂ ಇಂಥದೇ. ಗ್ರೀಕಿನಲ್ಲಿ ಅದರ ಅರ್ಥ ಕಪ್ಪು ಪಿತ್ತ. ಪಿತ್ತ ನೆತ್ತಿಗೇರಿತು ಎಂದು ನಾವು ಕೋಪಕ್ಕೆ ಹೇಳಿದರೆ ಅವರು ದುಃಖಕ್ಕೆ ಹೇಳಿದರು. ಹಂಬಲವನ್ನು ಮಾತ್ರ ಕನ್ನಡ ಯಾವ ವೈದ್ಯನಿಗೂ ಒಪ್ಪಿಸಲಿಲ್ಲ. ಹೋಫರ್ ಪ್ರಬಂಧ ಬರೆದ ಅದೇ ಬಾಸೆಲ್‌ನ ಮಿಶನ್ನಿನಿಂದ ಬಂದ ಕಿಟ್ಟೆಲ್, ಎರಡು ಶತಮಾನಗಳ ನಂತರ ಅದನ್ನು ಮಂಗಳೂರಿನಲ್ಲಿ ಪದವಾಗಿಯೇ ದಾಖಲಿಸಿದರು.

ಈಗ ಈ ಪದಕ್ಕೆ ಬಂದಿರುವ ಗತಿ ಬೇರೆ. ಪತ್ರಿಕೆಗಳ ತಲೆಬರಹಗಳಲ್ಲಿ ಅಧಿಕಾರದ ಹಂಬಲ, ಟಿಕೆಟ್ ಹಂಬಲ, ಪದಕದ ಹಂಬಲಗಳೇ ಕಾಣುತ್ತವೆ. ನೆನಪು, ಶೋಕಗಳು ಉದುರಿ ಆಸೆಯೊಂದೇ ಉಳಿದಿದೆ. ಎರಡು ಕಾಲಮ್ಮಿನ ಅಗಲಕ್ಕೆ ಸರಿಯಾಗಿ ಕೂರುವ ಮೂರಕ್ಷರದ ಪದವಾದ್ದರಿಂದ ಪತ್ರಿಕೆಯವರಿಗೆ ಅದು ಅನುಕೂಲ. ಈ ತಪ್ಪಿನಲ್ಲಿ ಅವರ ಪಾಲು ಸಣ್ಣದಲ್ಲ. ಹೊಸ ಪೀಳಿಗೆಯವರು ಊರು ನೆನಪಾದಾಗ 'ಫೀಲ್ ಆಯ್ತು' ಎನ್ನುತ್ತಾರೆ. ಏನು ಫೀಲ್ ಎಂದು ಯಾರೂ ಕೇಳುವುದಿಲ್ಲ.

ಹಳಬರು ಈ ಹಂಬಲವನ್ನು ಬಾಯಿಬಿಟ್ಟು ಹೇಳದೆ ಹೆಸರಿನಲ್ಲಿಟ್ಟುಕೊಂಡಿದ್ದರು. ಬಿ.ಎಂ.ಶ್ರೀಯವರ 'ಬಿ' ಬೆಳ್ಳೂರು. ಎ.ಎನ್.ಮೂರ್ತಿರಾಯರ 'ಎ' ಅಕ್ಕಿಹೆಬ್ಬಾಳು. ನರಸಿಂಹಸ್ವಾಮಿಯವರ 'ಕೆ' ಕಿಕ್ಕೇರಿ. ವೆಂಕಟಸುಬ್ಬಯ್ಯನವರ 'ಜಿ' ಗಂಜಾಂ. ಇವರಲ್ಲಿ ಹೆಚ್ಚಿನವರು ಮೈಸೂರು, ಬೆಂಗಳೂರುಗಳಲ್ಲಿ ಬಾಳಿದವರು. ಶ್ರೀಕಂಠಯ್ಯನವರಂತೂ ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ ಧಾರವಾಡಕ್ಕೆ ಹೋಗಿ ಕಾಲೇಜೊಂದರ ಪ್ರಿನ್ಸಿಪಾಲರಾಗಿ, 1946ರ ಜನವರಿ 5ರಂದು ಅಲ್ಲೇ ತೀರಿಕೊಂಡರು. ಬೆಳ್ಳೂರು ಅವರ ಹೆಸರಿನ ಮೊದಲ ಅಕ್ಷರವಾಗಿ ಅಲ್ಲಿಯವರೆಗೂ ಜತೆಗಿತ್ತು. ಇಂದು ನಗರದಲ್ಲಿ ಹುಟ್ಟುವ ಎಷ್ಟೋ ಮಕ್ಕಳ ಹೆಸರಿನ ಹಿಂದೆ ತಂದೆಯ ಹೆಸರಿನ ಅಕ್ಷರವಷ್ಟೇ ಇದೆ. ಊರಿನ ಅಕ್ಷರ ಅಜ್ಜನ ಕಾಲಕ್ಕೇ ನಿಂತಿದೆ.